ಒಂದು ಕೊಡ ಕಷಾಯ

ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಅವ್ವನ ಗಿಡಮೂಲಿಕೆ ಅಂಗಡಿ ಇದೆ. ಮುಂದೆ ಅಂಗಡಿ, ಹಿಂದೆ ಮನೆ. ಗಂಡಸರು ಅದರ ಮೆಟ್ಟಿಲು ಹತ್ತುವುದು ಅಪರೂಪ. ಹತ್ತಿದರೂ ಅವ್ವ "ಮನಿಯಾಕಿನ್ನ ಕಳಸ್ರಿ, ನಿಮಗೇನ ತಿಳೀತದ" ಎಂದು ಬಾಗಿಲಿನಿಂದಲೇ ತಿರುಗಿಸುತ್ತಾಳೆ. ಮುಟ್ಟಿನ ಹೊಟ್ಟೆನೋವಿಗೆ ಒಂದು ಪುಡಿ, ಬಿಳಿಸೆರಗಿಗೆ ಒಂದು, ಬಾಣಂತಿಯ ನಡುನೋವಿಗೆ ಒಂದು, ಎದೆಹಾಲು ಹೆಚ್ಚಲು ಇನ್ನೊಂದು. ಮಂದ್ರೂಪದಿಂದ, ಮಂಗಳವೇಢೆಯಿಂದ ಬಸ್ಸು ಹತ್ತಿ ಬಂದ ಹೆಂಗಸರು ದನಿ ತಗ್ಗಿಸಿ ಕಷ್ಟ ಹೇಳಿಕೊಳ್ಳುತ್ತಾರೆ. ಅವ್ವ ಮಾತ್ರ ಇಡೀ ಓಣಿಗೆ ಕೇಳುವ ಹಾಗೆ ಪಥ್ಯ ಹೇಳುತ್ತಾಳೆ. ಪುಡಿಕೆಗಳ ಮೇಲೆ ಮರಾಠಿಯಲ್ಲಿ ಚೀಟಿ ಬರೆದು ಅಂಟಿಸುವ ಕೆಲಸ ನನ್ನ ಮದುವೆಯಾಗುವ ತನಕ ನನ್ನದಾಗಿತ್ತು.

ಅಂಥವಳ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದರೆ ಕೇಳಬೇಕೆ? ಎರಡು ತಿಂಗಳು ಮೊದಲೇ ಅಂಟು ಹುರಿದು, ಕೊಬ್ಬರಿ ತುರಿದು, ಉಂಡೆ ಕಟ್ಟಿ ಡಬ್ಬಿ ತುಂಬಿದ್ದಳು. ಅಳವಿ ಬೀಜ, ಸಬ್ಬಸಿಗೆ ಬೀಜ, ಅಜವಾನ ಎಲ್ಲ ಹಸನಾಗಿ ಸಾಲಾಗಿ ಕೂತಿದ್ದವು. ಎಲ್ಲಕ್ಕಿಂತ ಮೇಲೆ ಶತಾವರಿ. ಅದಕ್ಕೆ ನಮ್ಮಲ್ಲಿ ಹಲವು ಮಕ್ಕಳ ತಾಯಿ ಬೇರು ಅನ್ನುತ್ತಾರೆ. ಆ ಪುಡಿಯಿಂದ ಹಾಲು ಉಕ್ಕಿದ ಬಾಣಂತಿಯರ ಕತೆಗಳನ್ನು ಕೇಳುತ್ತಲೇ ನಾನು ಬೆಳೆದವಳು.

ಸೋಲಾಪುರದ ದವಾಖಾನೆಯಲ್ಲಿ ಮಗಳು ಹುಟ್ಟಿದಳು. ಏನು ಅಳು, ಏನು ಸಿಟ್ಟು! ಥೇಟ್ ನನ್ನ ಅವ್ವನೇ. ಆದರೆ ಹನ್ನೆರಡನೆಯ ದಿನಕ್ಕೆ ತೂಕ ಮಾಡಿಸಲು ಹೋದರೆ ಹುಟ್ಟಿದಾಗ ಇದ್ದದ್ದಕ್ಕಿಂತ ಕಡಿಮೆ ಬಂತು. ಡಾಕ್ಟರಮ್ಮ ಕನ್ನಡಕ ಏರಿಸಿ, ಮುಂದಿನ ಮಂಗಳವಾರ ಮತ್ತೆ ಬನ್ನಿ, ಆಗಲೂ ಏರದಿದ್ದರೆ ಡಬ್ಬಿಯ ಹಾಲು ಶುರು ಮಾಡಲೇಬೇಕು ಎಂದರು. ಹೊರಗೆ ನರ್ಸ್ ಬಾಯಿ, ಬಾಣಂತಿಗೆ ಪಾತಳ ಪದಾರ್ಥ, ಅಂದರೆ ತೆಳ್ಳಗಿನದ್ದು, ಹೆಚ್ಚು ಕೊಡಿ ಎಂದು ಮರಾಠಿಯಲ್ಲಿ ತಾಕೀತು ಮಾಡಿದಳು. ಅವ್ವ ಹೂಂ ಹೂಂ ಎಂದು ತಲೆ ಆಡಿಸಿದಳು. ಮೆಟ್ಟಿಲು ಇಳಿಯುತ್ತ ನನ್ನ ಕಿವಿಯಲ್ಲಿ, "ತುಪ್ಪಾನೂ ಪಾತಳನ ಅಲ್ಲೇನು? ನಾಳಿಂದ ಇನ್ನೊಂದು ಚಮಚಾ ಹಾಕ್ತೀನಿ ತಗೋ" ಎಂದಳು.

ಮನೆಗೆ ಬಂದು ನಾನು ಗೊಳೋ ಎಂದು ಅತ್ತೆ. ಡಬ್ಬಿಯ ಹಾಲು ಕುಡಿದು ಬೆಳೆದ ಮಕ್ಕಳು ಊರ ತುಂಬ ಇದ್ದಾರೆ, ಚೆನ್ನಾಗಿಯೇ ಇದ್ದಾರೆ, ಅದು ನನಗೆ ಗೊತ್ತು. ಆದರೂ ನನ್ನ ಕೂಸಿಗೆ ನಾನೇ ಉಣಿಸಬೇಕು ಎಂಬ ಹಟ ನನ್ನದು. ಅದು ಬಾಯಿ ಹಚ್ಚಿ, ಎರಡು ಸಲ ಚೀಪಿ, ಏನೂ ಸಿಗದೆ ನನ್ನ ಮುಖ ನೋಡಿ ಅರಚುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಅವ್ವನದು ಬೇರೆ ಸಂಕಟ. "ಡಬ್ಬಿ ಹಾಲ! ನನ್ನ ಮನಿಯಾಗ! ನಾಳೆ ಗಿರಾಕಿಗೋಳು ಏನಂದಾರು?" ಎನ್ನುತ್ತ ಶತಾವರಿ ಪುಡಿಯನ್ನು ಇಮ್ಮಡಿ ಮಾಡಿದಳು. ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸುವುದು. ಗಂಟಲಲ್ಲಿ ಅಂಟಿಕೊಂಡು ಕೆಳಗೆ ಇಳಿಯುತ್ತಿರಲಿಲ್ಲ. ನೀರು ಕೇಳಿದರೆ ಕಣ್ಣು ಕೆಂಪಗೆ ಮಾಡುತ್ತಿದ್ದಳು. ಬಾಣಂತಿ ನೀರು ಕುಡಿದರೆ ಮೈಗೆ ಥಂಡಿ, ಕೂಸಿಗೆ ನೆಗಡಿ, ಹೊಟ್ಟೆ ಜೋತು ಬೀಳುತ್ತದೆ. ಇದು ಅವಳಿಗೆ ಅವಳ ಅವ್ವ ಹೇಳಿಕೊಟ್ಟ ಪಥ್ಯ. ಊಟವಾದ ಮೇಲೆ ಅಜವಾನ ಕುದಿಸಿದ ನೀರು ನಾಲ್ಕು ಚಮಚ, ಅಷ್ಟೆ. ಬೆಳಗ್ಗೆ ಎರೆಯುವಾಗ ಮಾತ್ರ ಕೈ ಬಿಗಿ ಇಲ್ಲ. ಮೈಮೇಲೆ ನಾಲ್ಕು ಕೊಡ, ಬಾಯಿಗೆ ನಾಲ್ಕು ಚಮಚ! ಬಚ್ಚಲಲ್ಲಿ ತಲೆಯಿಂದ ಇಳಿಯುವ ನೀರನ್ನು ನಾನು ಕದ್ದು ನೆಕ್ಕಿದ್ದೂ ಉಂಟು.

ಗುರುವಾರ ತಡವಳದ ಕುರಿಗಾರ್ತಿ ಬಂದಳು. ಕುರಿ ಮೇಯಿಸುತ್ತ ಬದುವಿನ ಮೇಲೆ ಸಿಕ್ಕ ಶತಾವರಿ ಬೇರು ಅಗೆದು ಅವ್ವನ ಅಂಗಡಿಗೆ ತಂದು ಹಾಕುವವಳು ಅವಳೇ. ಹಣೆಯ ತುಂಬ ಬೀರಪ್ಪನ ಭಂಡಾರದ ಅರಿಶಿನ, ಬಾಯಿ ತುಂಬ ಎಲೆಅಡಿಕೆ. ಅವಳಿಗೂ ಅವ್ವನಿಗೂ ಪ್ರತಿ ಸಲ ಜಗಳ. ಬೇರು ಎಳೆಯದು, ಬೇರು ಮಣ್ಣು, ನಿನ್ನ ಕಣ್ಣೇ ಮಣ್ಣು. ಇಷ್ಟಾಗಿಯೂ ಚಹಾ ಕುಡಿಯದೆ ಹೋಗುತ್ತಿರಲಿಲ್ಲ.

ಅವತ್ತು ಗೋಣಿಚೀಲ ಇಳಿಸಿ ಕೂಸನ್ನು ನೋಡಲು ಒಳಗೆ ಬಂದಳು. ಕೂಸಿನ ಅಡಿಗೆ ಕೈ ಹಾಕಿ ಬಟ್ಟೆ ಮುಟ್ಟಿದಳು. ಆಮೇಲೆ ನನ್ನ ಒಣಗಿದ ತುಟಿ ನೋಡಿದಳು.

"ಅಕ್ಕಾರ, ಮರಿ ಮುಂಜಾನಿಂದ ಉಚ್ಚಿ ಹೊಯ್ದಂಗಿಲ್ಲ. ತಾಯಿಗೆ ನೀರ ಕುಡಸೀರೇನು?"

"ಬಾಳಂತಿಗೆ ನೀರು? ಹುಚ್ಚಗಿಚ್ಚ ಹಿಡದದೇನ ನಿನಗ?"

"ನಮ್ಮ ಕುರಿ ಈಯ್ತಂದ್ರ ಮೊದಲ ನೀರ ಮುಂದ ಇಡ್ತೀವಿ ನಾವು. ಆಮ್ಯಾಲ ಮೇವು."

"ನನ್ನ ಮಗಳು ಕುರಿ ಅಲ್ಲ!"

"ಖರೇ ಅದ. ಕುರಿ ಆಗಿದ್ರ ತಾನs ಎದ್ದ ಹೋಗಿ ಕುಡೀತಿತ್ತು."

ನಾನು ಹೊಲಿಗೆ ನೋವು ಮರೆತು ನಕ್ಕುಬಿಟ್ಟೆ. ಅವ್ವನ ಮೂಗಿನ ಹೊಳ್ಳೆಗಳು ಅರಳಿದವು. ಇನ್ನೊಂದು ಮಾತು ಬಂದಿದ್ದರೆ ಬೇರಿನ ಚೀಲ ಬೀದಿಗೆ ಬೀಳುತ್ತಿತ್ತು. ಆದರೆ ಆ ಹೆಂಗಸು ಸಾಮಾನ್ಯಳಲ್ಲ. ಎಲೆಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿ ಮೆಲ್ಲಗೆ ಅಂದಳು: "ಆತ್ರಿ, ನೀರ ಬ್ಯಾಡ. ಔಷಧ ಕೊಡ್ರಿ. ಒಣ ಪುಡಿ ಬಿಡ್ರಿ, ಹಸಿ ಬೇರು ತಂದೀನಿ. ಒಂದ ಬೇರು ಜಜ್ಜಿ, ಒಂದ ಕೊಡ ನೀರಾಗ ಕುದಸ್ರಿ. ದಿನಾ ಮುಗೀಬೇಕು, ಒಂದ ಹನಿ ಉಳೀಬಾರದು. ನಮ್ಮ ಹಟ್ಟಿ ಪದ್ಧತಿ ಅದ ಇದು."

ಅವ್ವ ಚೀಲದಿಂದ ಒಂದು ಬೇರು ಎತ್ತಿ ಮೂಸಿ ನೋಡಿದಳು. ಕಷಾಯವೆಂದರೆ ಔಷಧ, ಔಷಧಕ್ಕೆ ಪಥ್ಯ ಅಡ್ಡ ಬರುವುದಿಲ್ಲ. "ಹಟ್ಟಿ ಪದ್ಧತಿ ಅಂತಿ, ನೋಡೇಬಿಡೂಣು" ಎಂದು ಒಲೆ ಹಚ್ಚಿದಳು. ಕುರಿಗಾರ್ತಿ ನನ್ನ ಕಡೆ ತಿರುಗಿ ಒಂದು ಕಣ್ಣು ಮುಚ್ಚಿದಳು.

ಆ ಕಷಾಯದ ರುಚಿ ಏನು ಕೇಳುತ್ತೀರಿ? ಸಪ್ಪೆ. ಅಪ್ಪಟ ನೀರು. ಮೊದಲ ತಂಬಿಗೆಯನ್ನು ಉಸಿರು ಬಿಡದೆ ಕುಡಿದೆ, ಎರಡನೆಯದನ್ನೂ ಹಾಗೆಯೇ. ಅವ್ವ ತಂಬಿಗೆ ಲೆಕ್ಕ ಹಾಕುತ್ತ ಎದುರಿಗೆ ಕೂತಿದ್ದಳು, "ಕಹಿ ಆದ್ರೂ ಕುಡಿ, ನಮ್ಮವ್ವ ಅಲ್ಲೇನ" ಎಂದು ಪುಸಲಾಯಿಸುತ್ತಿದ್ದಳು. ನಾನು ಕಹಿ ಕುಡಿದವಳ ಹಾಗೆ ಮುಖ ಕಿವುಚುತ್ತಿದ್ದೆ. ಕೂಸನ್ನು ಹೊತ್ತುಗೊತ್ತಿಲ್ಲದೆ ಎದೆಗೆ ಹಚ್ಚುತ್ತಲೇ ಇದ್ದೆ. ಶನಿವಾರ ಮಧ್ಯಾಹ್ನ ನನ್ನ ರವಿಕೆ ತಾನಾಗಿಯೇ ತೊಯ್ದಿತು. ಮಗಳು ಗುಟುಕು ಗುಟುಕು ನುಂಗುವ ಸದ್ದು ಕೇಳಿ ನನಗೆ ಅಳುವೂ ನಗುವೂ ಕೂಡಿ ಬಂದವು. ಕೂಸು ಅವ್ವನ ಹೊಸ ಸೀರೆಯ ಮೇಲೆಯೇ ಉಚ್ಚೆ ಹೊಯ್ದಾಗ ಅವಳು ಆ ಸೀರೆಯನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿ ಬಂದಳು.

ಮಂಗಳವಾರ ಸೋಲಾಪುರದಲ್ಲಿ ತಕ್ಕಡಿಯ ಅಂಕಿ ಏರಿತ್ತು. ಡಾಕ್ಟರಮ್ಮ ಡಬ್ಬಿ ಬೇಡ ಎಂದರು. ಏನು ಮಾಡಿದಿರಿ ಎಂದು ಅವರು ಕೇಳಿದಾಗ ಅವ್ವ ಎದೆ ಉಬ್ಬಿಸಿ ಬೇರಿನ ಮಹಿಮೆ ಶುರು ಮಾಡಿದಳು. ಅವರು ಕಷಾಯದ ಅಳತೆ ಕೇಳಿ ನಕ್ಕರು. "ಬೇರಿನದು ಎಷ್ಟೋ ಗೊತ್ತಿಲ್ಲಮ್ಮ, ಆದರೆ ಒಂದು ಕೊಡ ನೀರು ಕುಡಿಸಿದಿರಲ್ಲ, ಅದನ್ನು ಬಿಡಬೇಡಿ. ಬಾಯಾರಿದ ತಾಯಿ ಎಲ್ಲಿಂದ ಉಣಿಸಬೇಕು?" ಎಂದರು.

ಅವ್ವ ಕೂಸನ್ನು ಎತ್ತಿಕೊಂಡು ಮೆಟ್ಟಿಲು ಇಳಿದಳು. ಬಸ್ ಸ್ಟ್ಯಾಂಡಿನಲ್ಲಿ ಏನೋ ಕೊಂಡು ಚೀಲದಲ್ಲಿ ಹಾಕಿಕೊಂಡಳು. ಅಕ್ಕಲಕೋಟದ ಬಸ್ಸು ಹತ್ತಿ ಕೂತ ಮೇಲೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ತಮಾಷೆಗೆ, "ಯಾಕವ್ವಾ, ಬೇರಿನ ಮರ್ಯಾದಿ ಹೋತೇನು?" ಎಂದೆ.

"ನಿನಗ ನಾ ಆಡಿನ ಹಾಲು ಹಾಕಿ ಬೆಳಸೀನಿ" ಎಂದಳು. ಇಷ್ಟು ವರ್ಷ ನನಗೆ ಇದು ಗೊತ್ತೇ ಇರಲಿಲ್ಲ. "ನನಗ ಹಾಲs ಬರಲಿಲ್ಲ. ನನ್ನ ಮೈಯಾಗs ಏನೋ ಕಮ್ಮಿ ಅದ ಅಂತ ತಿಳಕೊಂಡೆ. ಯಾರಿಗೂ ಹೇಳಲಿಲ್ಲ. ಹಾಲ ಹೆಚ್ಚಸೋ ಪುಡಿ ಮಾರಾಕ ಕುಂತೆ."

ನಾನು ಅವಳ ಕೈ ಹಿಡಿದೆ. ಅವಳು ಕೂಸಿನ ಟೊಪ್ಪಿಗೆ ಸರಿ ಮಾಡುತ್ತ, ಓಣಿಗಿರಲಿ, ಪಕ್ಕದ ಸೀಟಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಅಂದಳು: "ನನಗೂ ನೀರಡಿಸಿತ್ತ. ಕೇಳಿದ್ದೆ ನಾ. ನಮ್ಮವ್ವ ಕೊಡಲಿಲ್ಲ."

ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಚೀಲದಿಂದ ಬಾಟಲಿ ತೆಗೆದು, ಮುಚ್ಚಳ ತಿರುವಿ ನನ್ನ ಮುಂದೆ ಹಿಡಿದಳು.

"ಇದಕ್ಕ ಬೇರು ಹಾಕಿಲ್ಲಲ್ಲ?" ಎಂದೆ.

"ಸುಮ್ನ ಕುಡಿ. ನೀರ ಅದ."