ಈ ಹೊತ್ತಿನ ಸೊಪ್ಪು

ನಮ್ಮತ್ತೆಯ ಬಲಗೈ ಹೆಬ್ಬೆರಳು ಯಾವಾಗಲೂ ಹಸಿರುಗಪ್ಪು. ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹೆಚ್ಚಿ ಹತ್ತಿದ ಕಲೆ; ಸೀಗೆಪುಡಿಗೂ ಜಗ್ಗುತ್ತಿರಲಿಲ್ಲ. ಮದುವೆಯಾಗಿ ಕೆಂಗೇರಿಗೆ ಬಂದ ಹೊಸದರಲ್ಲಿ ಆ ಕೈ ಕಟ್ಟಿದ ಮುದ್ದೆ ತಿನ್ನಲು ನನಗೆ ಒಂಥರಾ ಆಗುತ್ತಿತ್ತು. "ತಿನ್ನೇ, ಬಣ್ಣ ನಿಂಗೆ ಹತ್ತಲ್ಲ" ಎಂದು ನಗುತ್ತಿದ್ದರು.

ಮನೆಯ ಅರ್ಧಭಾಗ ರೇಷ್ಮೆಹುಳಗಳದ್ದು. ಅಲ್ಲಿ ಅತ್ತೆಯದೇ ಕಾನೂನು. ನಾಳೆಗೂ ಇರಲಿ ಎಂದು ನಾನು ಒಮ್ಮೆ ಎರಡು ಕುಕ್ಕೆ ಸೊಪ್ಪು ಹೆಚ್ಚಿಗೆ ಕೊಯ್ದು ತಂದಿದ್ದೆ. ಬಾಡಿದ ಸೊಪ್ಪನ್ನು ಹುಳ ಮೂಸುವುದಿಲ್ಲ ಎನ್ನುವುದೂ ಗೊತ್ತಿಲ್ಲದ ದಡ್ಡಿ ನಾನು. ಅವರು ಬೈಯಲಿಲ್ಲ, ಅಷ್ಟನ್ನೂ ದನಕ್ಕೆ ಹಾಕಿ, "ಈ ಹೊತ್ತಿಂದು ಈ ಹೊತ್ತಿಗೆ ಕಣೇ" ಎಂದರು.

ಐವತ್ತರ ದಶಕದ ನಡುವೆ ನನ್ನ ಚೊಚ್ಚಲ ಮಗು ಮೂರೇ ತಿಂಗಳಿಗೆ ವಾಂತಿಭೇದಿಯಾಗಿ ಹೋಗಿಬಿಟ್ಟಿತು. ಖಾಲಿ ತೊಟ್ಟಿಲ ಪಕ್ಕ ಕೂತವಳು ನಾನು ಏಳಲಿಲ್ಲ. ಒಂದು ದಿನ ಮುಂಚೆ ಆಸ್ಪತ್ರೆಗೆ ಹೋಗಿದ್ದರೆ ಎಂದು ಅಳುವುದು, ಇನ್ನೊಂದು ಹುಟ್ಟಿ ಅದೂ ಹೋದರೆ ಎಂದು ನಡುಗುವುದು, ಇಷ್ಟೇ ಕೆಲಸ. ಎದೆಯಲ್ಲಿ ಹಾಲು ಸೋರುತ್ತಲೇ ಇತ್ತು. ಅನ್ನ ನೀರು ಬಿಟ್ಟಿದ್ದೆ. ಇವಳೂ ಉಳಿಯುವುದಿಲ್ಲ ಎಂದು ನನ್ನ ಗಂಡ ಹೆದರಿದ್ದರು.

ಸೂತಕದವರು ಹುಳದ ಮನೆಗೆ ಕಾಲಿಡುವಂತಿಲ್ಲ. ಪಕ್ಕದ ಮನೆಯ ಅಕ್ಕ ಬಂದು ಸೊಪ್ಪು ಹಾಕಿ ಹೋಗುತ್ತಿದ್ದರು. ಮೂರನೇ ದಿನ ಅವರು ಬರುವುದು ತಡವಾಯಿತು. ಅತ್ತೆ ತೋಳು ಹಿಡಿದು ನನ್ನನ್ನು ಎಬ್ಬಿಸಿ, ಹುಳ ಸಾಕುವ ಬಿದಿರು ತಟ್ಟೆಗಳ ಮುಂದೆ ನಿಲ್ಲಿಸಿ, ಸೊಪ್ಪಿನ ಕುಕ್ಕೆಯನ್ನು ಕೈಗಿಟ್ಟರು.

"ಅತ್ಕೊಂಡೇ ಹಾಕು, ಬೇಡ ಅನ್ನಲ್ಲ. ಇದೊಂದು ತಟ್ಟೆಗೆ ಹಾಕು."

ಅಷ್ಟರಲ್ಲಿ ಅಕ್ಕ ಬಂದು ಬಾಗಿಲಲ್ಲೇ ನಿಂತರು. "ಸೂತಕದಲ್ಲಿ ಹುಳ ಮುಟ್ಟಿಸ್ತೀರಲ್ಲಮ್ಮ, ಬೆಳೆ ಕೆಡಲ್ವಾ?"

"ಕೆಡೋದು ಆಮೇಲಿನ ಮಾತು. ಈಗ ಹಸಿದಿದಾವೆ," ಎಂದರು ಅತ್ತೆ.

ಹುಳಗಳು ತಲೆಯೆತ್ತಿ ಚರಚರ ತಿನ್ನತೊಡಗಿದವು. ಒಂದು ತಟ್ಟೆ ಮುಗಿಯಿತು, ಇನ್ನೊಂದಕ್ಕೂ ಹಾಕಿದೆ. ಅಷ್ಟು ಹೊತ್ತು ಮಗುವನ್ನು ಮರೆತಿದ್ದೆನಲ್ಲ ಎಂದು ಹೊಳೆದು ಬಿಕ್ಕಿದೆ. ಅತ್ತೆ ಸೊಪ್ಪು ಹೆಚ್ಚುತ್ತಲೇ, "ನನ್ನವೂ ಎರಡು ಹೋದವು" ಎಂದರು. ಅದುವರೆಗೆ ಆ ವಿಷಯ ನನಗೆ ಗೊತ್ತೇ ಇರಲಿಲ್ಲ. ಆ ಸಂಜೆ ಅವರ ಕೈಯ ಮುದ್ದೆ ತಿಂದೆ. ಬೆಳೆಯೇನೂ ಕೆಡಲಿಲ್ಲ.

ನಾಲ್ಕು ವರ್ಷದ ಮೇಲೆ ಒಂದು ಬೆಳಿಗ್ಗೆ ಅತ್ತೆ ಹೋದರು. ಆಗ ನನ್ನ ಎರಡನೇ ಮಗುವಿಗೆ ಎರಡು ವರ್ಷ. ಅತ್ತೆಯನ್ನು ನಡುಮನೆಯಲ್ಲಿ ಮಲಗಿಸಿದ್ದೆವು, ನೆಂಟರಿನ್ನೂ ಬಂದಿರಲಿಲ್ಲ. ಒಳಗೆ ಹುಳ ಹಣ್ಣಾಗಿ, ನೂಲು ಬಿಡಲು ತಯಾರಾಗಿದ್ದವು. ಆಗಲೇ ಎತ್ತಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ನೂಲೆಲ್ಲ ತಟ್ಟೆಯಲ್ಲೇ ಹಾಳು. ಅತ್ತೆಯ ಹೆಬ್ಬೆರಳನ್ನೊಮ್ಮೆ ಹಿಡಿದು ನೋಡಿ, ಎದ್ದೆ.

"ಹೆಣ ಮುಂದಿಟ್ಕೊಂಡು ಎಲ್ಲಿಗೇ ಹೋಗ್ತೀಯ?" ಎಂದು ಪಕ್ಕದ ಮನೆಯ ಅಕ್ಕ ಕೇಳಿದರು.

"ಹಣ್ಣಾಗಿದಾವೆ ಕಣಕ್ಕ."

ಅಳುತ್ತಲೇ ಒಂದೊಂದಾಗಿ ಹುಳ ಎತ್ತಿ ಬಿಡತೊಡಗಿದೆ. ಅಕ್ಕ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪಕ್ಕದ ತಟ್ಟೆಗೆ ಕೈಹಾಕಿದರು.