ಒಗ್ಗರಣೆ ಇಲ್ಲದ ಸಾರು

ಅಕ್ಕಯ್ಯಮ್ಮನವರು ಭಾನುವಾರ ಬೆಳಿಗ್ಗೆ ತೀರಿಕೊಂಡರು. ಮಗಳ ಮಗಳು ಯಶೋದಮ್ಮ ಕಾಫಿ ತೆಗೆದುಕೊಂಡು ಹೋಗಿ ಎಬ್ಬಿಸಿದಾಗ ಏಳಲಿಲ್ಲ. ವಯಸ್ಸು ಎಪ್ಪತ್ತರ ಹತ್ತಿರ. ಹದಿನೈದು ದಿನದಿಂದ ಉಬ್ಬಸವಿತ್ತು.

ಅತ್ತಿಗುಪ್ಪೆಯ ಅವರ ಮನೆಯ ಮುಂದಿನ ಕೋಣೆಯಲ್ಲಿ ನಾನು ಎಂಟು ವರ್ಷದಿಂದ ಬಾಡಿಗೆಗೆ ಇದ್ದೇನೆ. ಇಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತೇನೆ. ನನಗಿಂತ ಮೂವತ್ತು ವರ್ಷ ದೊಡ್ಡವರಾದರೂ ಈ ಊರಿನಲ್ಲಿ ನನಗಿದ್ದ ಗೆಳತಿ ಅವರೊಬ್ಬರೇ.

ಮಣ್ಣು ಮಾಡಿ ಬರುವ ಹೊತ್ತಿಗೆ ಜಗಲಿಯ ಮೇಲೆ ಏಳು ಪಾತ್ರೆಗಳು ಬಂದು ಕೂತಿದ್ದವು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಅಡುಗೆ ಮಾಡಿ ತರಬೇಕು. ಮೂವತ್ತೊಂಬತ್ತು ವರ್ಷ ಈ ಊರಿನಲ್ಲಿ ಯಾರು ಸತ್ತರೂ ಮೊದಲು ಹೋಗುತ್ತಿದ್ದ ಪಾತ್ರೆ ಅಕ್ಕಯ್ಯಮ್ಮನವರದು. ಮುದ್ದೆ, ಹುರುಳಿ ಸಾರು. ಸಾರಿಗೆ ಒಗ್ಗರಣೆ ಹಾಕುತ್ತಿರಲಿಲ್ಲ. ಅಳುವ ಮನೆಯಲ್ಲಿ ಒಗ್ಗರಣೆಯ ಘಮ ಏಳಬಾರದು ಎನ್ನುತ್ತಿದ್ದರು. ತಮ್ಮ ಕೈಯ ಅಡುಗೆ ಉಣ್ಣದ ಜನರ ಮನೆಗಾದರೆ ಅವಲಕ್ಕಿ, ಬಾಳೆಹಣ್ಣು ಒಯ್ಯುತ್ತಿದ್ದರು. ರಾಜಾಜಿನಗರದ ಹೊಸ ಮನೆಗಳಲ್ಲಿ ಯಾರೋ ಮಿಲ್ಲಿನವರ ಮಗು ಹೋಯಿತೆಂದು ಸೊಪ್ಪಿನವಳು ಹೇಳಿದ್ದೇ ತಡ, ಬಿಸಿಲಿನಲ್ಲಿ ಅಷ್ಟು ದೂರ ನಡೆದಿದ್ದರು. ಆ ಮನೆಯವರ ಹೆಸರು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ.

ಇದರಿಂದಾಗಿ ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಅವರು ಬೀದಿಯಲ್ಲಿ ಬಂದರೆ ಬೆದರುತ್ತಿದ್ದರು. ಅಕ್ಕಯ್ಯಮ್ಮ ಎರಡೂ ಕೈ ಎತ್ತಿ ತೋರಿಸುತ್ತಿದ್ದರು.

“ಬರೀ ಕೈಲಿ ಬಂದಿದೀನಿ ಕಣೇ, ಹೆದರ್ಬೇಡ. ನಿಮ್ಮತ್ತೆ ಇನ್ನೂ ಗಟ್ಟಿಮುಟ್ಟಾಗವಳೆ. ಅದೇ ನಿನ್ನ ಕಷ್ಟ!”

ಐದು ಮನೆ ಆಚೆಗಿರುವ ಶಿವಗಂಗಮ್ಮನ ಮನೆಗೆ ಮಾತ್ರ ಆ ಪಾತ್ರೆ ಹೋಗಿರಲಿಲ್ಲ. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು, ಒಂದೇ ಒರಳಿನಲ್ಲಿ ರುಬ್ಬಿಕೊಂಡವರು. ಮೂವತ್ತೊಂಬತ್ತು ವರ್ಷದ ಹಿಂದೆ, ದೊಡ್ಡ ಜ್ವರ ಬಂದ ವರ್ಷ, ಅಕ್ಕಯ್ಯಮ್ಮನವರ ಆರು ವರ್ಷದ ಮಗ ಚಿಕ್ಕಣ್ಣ ತೀರಿಕೊಂಡ. ಜ್ವರ ಅಂಟೀತೆಂದು ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ಶಿವಗಂಗಮ್ಮನ ತೊಡೆಯ ಮೇಲೆ ಮೂರು ತಿಂಗಳ ಕೂಸು ನಾರಾಯಣಪ್ಪ. ಅವಳೂ ಬಾಗಿಲು ತೆಗೆಯಲಿಲ್ಲ. ಎರಡು ದಿನ ಯಾರೂ ಊಟ ತರಲಿಲ್ಲ. ನಾಲ್ಕು ವರ್ಷದ ಮಗಳು ರಾಮಮ್ಮ ಹಸಿದು ಅತ್ತಾಗ, ಸೂತಕದ ಮನೆಯಲ್ಲಿ ಅಕ್ಕಯ್ಯಮ್ಮನವರೇ ಒಲೆ ಹಚ್ಚಿದರು. ಈ ಮಗುವನ್ನಾದರೂ ಉಳಿಸಿಕೊಡು ಎಂದು ಹನುಮಂತರಾಯನಿಗೆ ಹರಕೆ ಹೊತ್ತರು. ಅವತ್ತಿನಿಂದ ಶನಿವಾರ ಒಂದು ಅಗುಳನ್ನೂ ಬಾಯಿಗೆ ಹಾಕಲಿಲ್ಲ. ರಾಮಮ್ಮ ಉಳಿದಳು, ಮದುವೆಯಾದಳು, ಯಶೋದಮ್ಮ ಹುಟ್ಟಿದಳು. ಹರಕೆ ಮಾತ್ರ ಹಾಗೆಯೇ ನಡೆಯಿತು.

“ಹೆದರಿಕೆ ಅಂದ್ರೆ ನಂಗೂ ಗೊತ್ತು ಟೀಚರಮ್ಮ,” ಎಂದು ಒಮ್ಮೆ ಹೇಳಿದ್ದರು. “ಆದ್ರೆ ಗಂಜೀನ ಬಾಗಿಲಾಚೆ ಇಟ್ಟು ಹೋಗ್ಬೋದಿತ್ತಲ್ವಾ?”

ಹನ್ನೊಂದು ವರ್ಷದ ಹಿಂದೆ ಶಿವಗಂಗಮ್ಮನ ಗಂಡ ವೆಂಕಟಸ್ವಾಮಿ ಹೋದರು. ಅಕ್ಕಯ್ಯಮ್ಮ ಬರುತ್ತಾರೆಂದು ಬೇರೆ ಯಾರೂ ಮೊದಲು ಹೊರಡಲಿಲ್ಲ. ಅಕ್ಕಯ್ಯಮ್ಮ ಹೋಗಲಿಲ್ಲ. ಆ ಮನೆ ಸಂಜೆಯವರೆಗೆ ಉಪವಾಸವಿತ್ತು.

“ಸಾರು ಕುದ್ದಿತ್ತು, ಮುದ್ದೆನೂ ಕಟ್ಟಿದ್ದೆ. ಹೊಸ್ತಿಲು ದಾಟೋಕೆ ಕಾಲೇ ಬರ್ಲಿಲ್ಲ. ಎಲ್ಲಾನೂ ಎಮ್ಮೆಗೆ ಹಾಕ್ದೆ. ಅವಳು ಬೀದೀಲಿ ನಿಂತು ಬೈದಿದ್ರೆ ಚೆನ್ನಾಗಿತ್ತು. ಒಂದು ಮಾತೂ ಆಡ್ಲಿಲ್ಲ.” ಆಮೇಲೆ ಹೇಳಿದರು: “ಸಾಯೋದ್ರೊಳಗೆ ಒಂದ್ಸಲ ಆ ಮನೇಲಿ ಬಡಿಸ್ಬೇಕು. ಆದ್ರೆ ಅದಕ್ಕೆ ಅಲ್ಲೊಂದು ಸಾವಾಗ್ಬೇಕಲ್ಲ. ಅಂಥದ್ದನ್ನ ದೇವರ ಹತ್ರ ಕೇಳ್ಕೊಳ್ಳೋದು ಹೆಂಗೆ?”

ಅವರು ಕೇಳಿಕೊಂಡಿರಲಿಲ್ಲ. ದಿನಾ ದೀಪ ಹಚ್ಚುವಾಗ ಆ ಮನೆಯವರು ನೂರು ವರ್ಷ ಬಾಳಲಿ ಎಂದು ಮೊದಲು ಹೇಳಿ, ಆಮೇಲೆ ತಮ್ಮವರ ಹೆಸರು ಹೇಳುತ್ತಿದ್ದರು. ಇದನ್ನು ನಾನು ಗೋಡೆಯಾಚೆಯಿಂದ ಎಷ್ಟೋ ಸಲ ಕೇಳಿದ್ದೇನೆ.

ಮೊನ್ನೆ ಶುಕ್ರವಾರ ಸಂಜೆ ನಾರಾಯಣಪ್ಪ ಕಾಮಾಲೆಯಿಂದ ತೀರಿಕೊಂಡ. ಯಾವ ಕೂಸಿಗಾಗಿ ಅವತ್ತು ಬಾಗಿಲು ಹಾಕಿತ್ತೋ, ಅದೇ ಕೂಸು. ಮೂವತ್ತೊಂಬತ್ತು ವರ್ಷ.

ಶನಿವಾರ ನಾನು ಶಾಲೆಯಿಂದ ಬಂದಾಗ ಅಕ್ಕಯ್ಯಮ್ಮ ಹಾಸಿಗೆಯಲ್ಲಿರಲಿಲ್ಲ. ಒಲೆಯ ಮುಂದೆ ಗೋಡೆಗೆ ಒರಗಿಕೊಂಡು ಮುದ್ದೆ ತೊಳಸುತ್ತಿದ್ದರು. ಡಾಕ್ಟರು ಏಳಬೇಡಿ ಅಂದಿದ್ದಾರೆ ಎಂದು ಯಶೋದಮ್ಮ ಕೋಲು ಕಿತ್ತುಕೊಳ್ಳಲು ನೋಡಿದಳು.

“ಡಾಕ್ಟ್ರು ಉಣ್ಣಾಕಿಕ್ತಾನಾ ಅವರಿಗೆ? ಬಿಡೇ!”

ಪಾತ್ರೆ ಹೊತ್ತವಳು ನಾನು. ಐದು ಮನೆ ದಾಟುವುದಕ್ಕೆ ಅವರು ಮೂರು ಕಡೆ ಕೂತರು.

ಶಿವಗಂಗಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಮಗನನ್ನು ಮಣ್ಣು ಮಾಡಿ ಆಗಲೇ ಎರಡು ಗಂಟೆ ಕಳೆದಿತ್ತು. ತಲೆಯೆತ್ತಿ ನೋಡಿದಳು.

“ಐದು ಮನೆ ನಡೆಯೋಕೆ ಹನ್ನೊಂದು ವರ್ಷ ಹಿಡೀತಾ ಅಕ್ಕಯ್ಯ?”

“ಬರ್ಬೇಕಿತ್ತು. ಬರ್ಲಿಲ್ಲ,” ಅಂದರು ಅಕ್ಕಯ್ಯಮ್ಮ.

“ನಾನೂ ಅವತ್ತು ಬಾಗಿಲು ತೆಗೀಲಿಲ್ಲ. ಇವನಿಗೋಸ್ಕರ.” ಶಿವಗಂಗಮ್ಮ ಮಗನನ್ನು ಮಲಗಿಸಿದ್ದ ಜಾಗವನ್ನು ನೋಡಿದಳು. “ಉಳಿಸ್ಕೊಂಡೆ ಅನ್ಕೊಂಡಿದ್ದೆ ಕಣೇ.”

ಅಕ್ಕಯ್ಯಮ್ಮ ಕೂತು ತಟ್ಟೆಗಳಿಗೆ ಬಡಿಸಿದರು. ಸೊಸೆ ಉಂಡಳು, ಮೊಮ್ಮಕ್ಕಳು ಉಂಡರು. ಶಿವಗಂಗಮ್ಮ ತನ್ನ ತಟ್ಟೆಯನ್ನು ಮುಟ್ಟಲಿಲ್ಲ.

“ತಗೊಂಡೋಗು. ನಂಗೆ ಸೇರಲ್ಲ.”

“ಒಂದು ತುತ್ತು, ಶಿವಗಂಗಿ.”

“ನೀನು ಉಣ್ಣು. ನೀನು ಉಂಡ್ರೆ ಉಣ್ತೀನಿ.”

ಸೊಸೆ ಗಾಬರಿಯಾದಳು. “ಅತ್ತೆ, ಇವತ್ತು ಶನಿವಾರ. ಅಜ್ಜಿ ಉಣ್ಣಲ್ಲ, ನಿಮಗೆ ಗೊತ್ತಲ್ವಾ?”

“ಗೊತ್ತು,” ಅಂದಳು ಶಿವಗಂಗಮ್ಮ.

ನಾನು ಅಕ್ಕಯ್ಯಮ್ಮನವರ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಏದುಸಿರು ನಿಲ್ಲಲೆಂದು ಸ್ವಲ್ಪ ಕಾದರು. ಆಮೇಲೆ ಶಿವಗಂಗಮ್ಮನ ತಟ್ಟೆಯನ್ನು ಇಬ್ಬರ ನಡುವೆ ಎಳೆದುಕೊಂಡು, ಮುದ್ದೆ ಮುರಿದು, ತಮ್ಮ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿದರು.