ಫುಕಟ್ ಡೇಟಾಬೇಸ್ ಮತ್ತು ಕೊರಳಪಟ್ಟಿಯ ಪ್ರಶ್ನೆ

ಕೋವಿಡ್ ಗಲಾಟೆ ಅಡಗಿದ ಮರುವರ್ಷ ನಾನು ಬೆಳಗಾವಿಯ ಒಂದು ರಕ್ತನಿಧಿಯಲ್ಲಿ ಸಿಸ್ಟಮ್ಸ್ ಮ್ಯಾನೇಜರ್ ಆಗಿದ್ದೆ. ನನ್ನ ಸಾಮ್ರಾಜ್ಯದಲ್ಲಿ ಆರು ಕಂಪ್ಯೂಟರ್, ಒಂದು ಪ್ರಿಂಟರ್. ಪ್ರಿಂಟರ್ ನನ್ನ ಆಳ್ವಿಕೆಯನ್ನು ಎಂದೂ ಒಪ್ಪಿಕೊಂಡಿರಲಿಲ್ಲ.

ಆ ವರ್ಷ ಖಾನಾಪುರದಲ್ಲಿ ನಮ್ಮ ಶಾಖೆ ತೆರೆಯುವುದಿತ್ತು. ಪ್ರತಿ ರಕ್ತಚೀಲದ ಗುಂಪು, ಪರೀಕ್ಷೆಯ ಫಲ, ರೋಗಿಗೆ ‘ಕೊಡಬಹುದು’ ಅಥವಾ ‘ಕೊಡಬಾರದು’ ಎಂಬ ತೀರ್ಪು ಎಲ್ಲವೂ ಅಲ್ಲಿನ ಡೇಟಾಬೇಸ್‌ನಲ್ಲಿ ಇರಬೇಕು. ಯಾವ ಡೇಟಾಬೇಸ್ ಎಂದು ಸಹಿ ಹಾಕಿ ಶಿಫಾರಸು ಮಾಡುವ ಕೆಲಸ ನನ್ನದು.

ಓಪನ್ ಸೋರ್ಸ್ ಎಂದರೆ ಒಳಗಿನ ಕೋಡ್ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು, ತಿದ್ದಬಹುದು. ಅಂಥವು ಎರಡನ್ನು ನೋಡಿದೆ. ಮೊದಲನೆಯದರ ಒಡೆತನ ಒಂದೇ ಕಂಪನಿಯದು. ಮುಂದಿನ ಆವೃತ್ತಿಯ ಲೈಸೆನ್ಸ್, ಅಂದರೆ ಬಳಕೆಯ ಷರತ್ತು, ಬದಲಿಸುವ ಹಕ್ಕೂ ಅದರದೇ. ಕೈಬಿಟ್ಟೆ. ಎರಡನೆಯದು ಹಲವರ ಕೈಯಲ್ಲಿ ಬೆಳೆದದ್ದು, ಕೊಟ್ಟ ಲೈಸೆನ್ಸನ್ನು ಹಿಂದೆಗೆದುಕೊಳ್ಳುವವರಿಲ್ಲ. ಅದನ್ನೇ ಸೂಚಿಸಿದೆ.

ಸಭೆಯಲ್ಲಿ ರಕ್ತನಿಧಿಯ ಅಧ್ಯಕ್ಷರು ಮುಖ ಸಿಂಡರಿಸಿದರು.

“ಫುಕಟ್ ಸಿಕ್ಕದ್ದು ರೀ ಅದು. ನಾಳೆ ಕೆಟ್ಟರ ಯಾರ ಕೊರಳಪಟ್ಟಿ ಹಿಡಿಯೂಣು?”

ಅವರ ಪಕ್ಕದಲ್ಲೇ ಕುಳಿತಿದ್ದ, ದುಡ್ಡಿನ ಡೇಟಾಬೇಸ್ ಮಾರುವ ಪ್ರತಿನಿಧಿ ಟೈ ಸರಿಪಡಿಸಿಕೊಂಡು ನಕ್ಕ. ನಾನು ಸೂಚಿಸಿದ್ದರದು, ಅವನದು, ಎರಡೂ ಲೈಸೆನ್ಸ್‌ಗಳನ್ನು ಪುರಾಣ ವಾಚನದ ಗಾಂಭೀರ್ಯದಿಂದ ಓದಿದೆ. ಮಾಹಿತಿ ನಷ್ಟವಾದರೆ ತಾವು ಹೊಣೆಯಲ್ಲ ಎಂದು ಎರಡರಲ್ಲೂ ಬರೆದಿತ್ತು.

“ಸಾಹೇಬ್ರ, ಕೊರಳಪಟ್ಟಿ ಎರಡಕ್ಕೂ ಇಲ್ಲ. ಇವರದಕ್ಕ ಟೈ ಅಷ್ಟ ಐತಿ.”

ಯಾರೂ ನಗಲಿಲ್ಲ. ಖಾನಾಪುರ ಶಾಖೆ ನೋಡಿಕೊಳ್ಳಬೇಕಿದ್ದ ಡಾ. ನಸ್ರೀನ್ ಮಾತ್ರ ಕೆಮ್ಮಿದರು.

ಪರೀಕ್ಷೆಯೇ ಆಗಲಿ ಎಂದು ಎರಡನ್ನೂ ಎರಡು ಕಂಪ್ಯೂಟರ್‌ಗಳಲ್ಲಿ ಚಾಲೂ ಮಾಡಿ, ಚೀಲಗಳ ವಿವರ ತುಂಬುತ್ತಿರುವಾಗಲೇ ಪ್ಲಗ್ ಕೀಳಲು ಅಧ್ಯಕ್ಷರನ್ನು ಕೋರಿದೆ. ಪ್ರತಿನಿಧಿ ಎದ್ದು ನಿಂತ.

“ಹಂಗ ಹೆಂಗ ಕೀಳತೀರಿ? ಮೊದಲ ಶಟ್‌ಡೌನ್ ಮಾಡಬೇಕ್ರೀ!”

“ಅದನ್ನ ಖಾನಾಪುರದ ಮಳಿಗಾಲಕ್ಕ ಹೇಳಿ ಬರ್ರಿ,” ಎಂದರು ನಸ್ರೀನ್. “ಅಲ್ಲಿ ಕರೆಂಟ್ ಕೇಳಿ ಹೋಗೂದಿಲ್ಲ. ಅದರ ಹಿಂದ ಇಂಟರ್ನೆಟ್ಟೂ ಹೋಗತೈತಿ.”

ಅಧ್ಯಕ್ಷರು ಪ್ಲಗ್ ಕಿತ್ತರು. ನಾನು ಇಂಟರ್ನೆಟ್ ತಂತಿಯನ್ನೂ ಕಿತ್ತೆ. ಮತ್ತೆ ಕರೆಂಟ್ ಕೊಟ್ಟಾಗ ನನ್ನದು ಎದ್ದು, ಪ್ಲಗ್ ಕೀಳುವ ಮುನ್ನ ‘ಬರೆದುಕೊಂಡೆ’ ಎಂದಿದ್ದ ಪ್ರತಿ ಚೀಲದ ವಿವರವನ್ನೂ ತೋರಿಸಿತು. ನ್ಯಾಯವಾಗಿ ಹೇಳಬೇಕು: ದುಡ್ಡಿನದರಲ್ಲೂ ಒಂದಕ್ಷರ ಕಳೆದಿರಲಿಲ್ಲ, ಅದು ಆಮೇಲೆ ಗೊತ್ತಾಯಿತು. ಆದರೆ ಆ ಹೊತ್ತಿಗೆ ಅದರ ಪರದೆಯ ಮೇಲಿದ್ದದ್ದು ಒಂದೇ ಸಾಲು: ಲೈಸೆನ್ಸ್ ಖಾತ್ರಿಪಡಿಸಲು ಇಂಟರ್ನೆಟ್ ಬೇಕು.

ನಸ್ರೀನ್ ಆ ಪರದೆಯತ್ತ ಬೆರಳು ಮಾಡಿದರು. “ಫ್ರಿಜ್‌ನಾಗ ರಕ್ತ ಐತಿ. ಕೊಡಬಹುದೋ ಇಲ್ಲೋ ಇದು ಹೇಳವಲ್ದು. ಹೆರಿಗಿ ಟೇಬಲ್ ಮ್ಯಾಲ ಇದ್ದಾಕಿಗೆ ಏನ್ ಹೇಳ್ಲಿ? ಕಂಪನಿ ಅಪ್ಪಣಿ ಬರೂಮಟಾ ತಡಿಯವಾ ಅನ್ಲೇನು?”

ಪ್ರತಿನಿಧಿ, ಇಂಟರ್ನೆಟ್ ಇಲ್ಲದೆಯೂ ನಡೆಯುವಂತೆ ಕಂಪನಿಯಿಂದ ವಿಶೇಷ ಅನುಮತಿ ಕೊಡಿಸುವ ಮಾತೆತ್ತಿದ. ಅಧ್ಯಕ್ಷರು ನನ್ನತ್ತ ತಿರುಗಿದರು.

“ಹಟ ಸಾಕು. ಇವರದಕ್ಕ ಸಹಿ ಮಾಡ್ರಿ.”

“ಮಾಡೂದಿಲ್ರೀ. ಬೇಕಾದ್ರ ನಿಮ್ಮ ಸಹಿ ಹಾಕ್ರಿ.”

“ನಿಮ್ಮದು ಕೆಟ್ಟರ?”

“ನನ್ನ ಕೊರಳಪಟ್ಟಿ ಹಿಡೀರಿ. ಇಲ್ಲೇ ಐತಿ, ಇಸ್ತ್ರಿ ಮಾಡಿಸೇನಿ.”

ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ನಸ್ರೀನ್‌ರ ಮುಖವನ್ನೊಮ್ಮೆ ನೋಡಿ ಮುಚ್ಚಳವನ್ನು ಮತ್ತೆ ಹಾಕಿದರು. ಖಾನಾಪುರಕ್ಕೆ ಹೋದದ್ದು ಫುಕಟ್‌ನದೇ.

ಡೇಟಾಬೇಸ್ ಆರಿಸುವವರು ವೇಗ, ಗಾತ್ರ, ಭದ್ರತೆ ನೋಡುತ್ತಾರೆ. ಲೈಸೆನ್ಸನ್ನು ವಕೀಲರಿಗೆ ಬಿಡುತ್ತಾರೆ. ನಾನು ಕಲಿತದ್ದು ಇಷ್ಟು: ತೆರೆಯಲು ಇನ್ನೊಬ್ಬರ ಅಪ್ಪಣೆ ಬೇಕಾದ ಡೇಟಾಬೇಸ್ ಎಷ್ಟೇ ಗಟ್ಟಿಯಾಗಿದ್ದರೂ ನಂಬಿಕೆಗೆ ಅರ್ಹವಲ್ಲ.

ಮರುವರ್ಷ ನನ್ನ ಹುದ್ದೆಯ ಗುತ್ತಿಗೆ ನವೀಕರಣವಾಗಲಿಲ್ಲ. ಡೇಟಾಬೇಸ್ ಇಂದಿಗೂ ಖಾನಾಪುರದಲ್ಲಿ ನಡೆದಿದೆ. ಅದರ ಲೈಸೆನ್ಸ್‌ಗೆ ನವೀಕರಣ ಬೇಕಿರಲಿಲ್ಲ.